ಬಸುರಿಯರ ರಕ್ತದ ಗುಟ್ಟು ಹುಡುಕಿದ ಲೂಸಿ ವಿಲ್ಸ್

ಈ ಸಲದ ಇ-ಸ್ಮರಣಸಂಚಿಕೆಗೆ ವೈದ್ಯಕೀಯ ಕ್ಷೇತ್ರದ ಸಾಧಕಿಯೊಬ್ಬರ ಬಗ್ಗೆ ಬರೆದುಕೊಡಿ ಎಂದು ಮಹಿಳಾ ವಿಭಾಗದವರು ಹೇಳಿದರು. ಟಿಟ್ವಾಳಾದಲ್ಲಿ ಕೂತು ಬರೆಯುವವರಿಗೆ ಮೊದಲು ನೆನಪಾಗುವುದು ಮೂರೇ ಸ್ಟೇಷನ್ ಆಚೆಗಿನ ಕಲ್ಯಾಣದಲ್ಲಿ 1865ರಲ್ಲಿ ಹುಟ್ಟಿದ ಡಾ. ಆನಂದಿಬಾಯಿ ಜೋಶಿ. ಆದರೆ ಆನಂದಿಬಾಯಿಯ ಕಥೆ ನಮಗೆಲ್ಲ ಗೊತ್ತು, ಮರಾಠಿಯಲ್ಲಿ ಸಿನಿಮಾ ಕೂಡ ಬಂದಿದೆ. ಅವರು ತೀರಿಕೊಂಡ ಮರುವರ್ಷ ಇಂಗ್ಲೆಂಡಿನಲ್ಲಿ ಹುಟ್ಟಿ, ಮುಂದೆ ಮುಂಬಯಿಯ ಗಿರಣಿಗಾಂವ್‌ನ ಬಸುರಿಯರಿಗಾಗಿ ದುಡಿದ ಇನ್ನೊಬ್ಬ ವೈದ್ಯೆಯಿದ್ದಾರೆ. ವೈದ್ಯಲೋಕದಲ್ಲಿ ಅವರ ಹೆಸರು ದೊಡ್ಡದು. 2019ರಲ್ಲಿ ಗೂಗಲ್ ಅವರ ಹುಟ್ಟುಹಬ್ಬಕ್ಕೆ ತನ್ನ ಮುಖಪುಟದಲ್ಲಿ ಚಿತ್ರವನ್ನೂ ಹಾಕಿತ್ತು. ನಮ್ಮ ಹೆಂಗಸರ ನಡುವೆ ಮಾತ್ರ ಆ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಹೆಸರು ಗೊತ್ತಿಲ್ಲದಿದ್ದರೂ ಅವರ ದುಡಿಮೆಯ ಫಲವನ್ನು ನಮ್ಮಲ್ಲಿ ತಾಯಂದಿರಾದವರು ಹೆಚ್ಚಿನವರು ನುಂಗಿದ್ದೇವೆ. ಬಸುರಿಯಾದಾಗ ಕೊಡುವ ಫೋಲಿಕ್ ಆಮ್ಲದ ಮಾತ್ರೆ ಅದು.

ನಾನು ಪರೇಲ್‌ನ ಒಂದು ಆಸ್ಪತ್ರೆಯ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು. ದಾದರ್‌ನಲ್ಲಿ ಇಳಿದು ಗರ್ದಿಯಲ್ಲಿ ಪರೇಲ್ ಕಡೆಗೆ ಹೋಗುತ್ತಿದ್ದ ಆ ವರ್ಷಗಳಲ್ಲಿ ಹಾಫ್‌ಕಿನ್ ಸಂಸ್ಥೆಯ ಹೆಸರನ್ನು ದಿನಾ ಕೇಳುತ್ತಿದ್ದೆ. ಒಂದು ಕಾಲದಲ್ಲಿ ಗವರ್ನರರ ಬಂಗಲೆಯಾಗಿದ್ದ ಆ ಕಟ್ಟಡದಲ್ಲಿ ಪ್ಲೇಗ್ ಲಸಿಕೆಯ ಕೆಲಸ ನಡೆಯಿತು ಎಂಬುದು ಎಲ್ಲರ ಬಾಯಲ್ಲಿತ್ತು. ಲೂಸಿ ವಿಲ್ಸ್ ಕೂಡ ಅಲ್ಲೇ ಕೆಲಸ ಮಾಡಿದವರು ಎಂದು ಹಿರಿಯ ಪೆಥಾಲಜಿಸ್ಟ್ ಒಬ್ಬರು ಒಮ್ಮೆ ಸ್ಲೈಡು ನೋಡುತ್ತಾ ಹೇಳಿದ ಮೇಲೆ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿಕೊಂಡೆ.

ಲೂಸಿ ಹುಟ್ಟಿದ್ದು 1888ರ ಮೇ 10ರಂದು, ಬರ್ಮಿಂಗ್‌ಹ್ಯಾಮ್ ಬಳಿಯ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ. ತಂದೆ ವಿಜ್ಞಾನ ಓದಿದವರು, ತಾಯಿ ವೈದ್ಯರೊಬ್ಬರ ಮಗಳು. ಹೆಣ್ಣುಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದ ಚೆಲ್ಟನ್‌ಹ್ಯಾಮ್ ಶಾಲೆಯಲ್ಲಿ ಓದಿ, 1907ರಲ್ಲಿ ಕೇಂಬ್ರಿಜ್‌ನ ನ್ಯೂನ್‌ಹ್ಯಾಮ್ ಕಾಲೇಜಿಗೆ ಸೇರಿದರು. ಸಸ್ಯಶಾಸ್ತ್ರ, ಭೂವಿಜ್ಞಾನ ಅವರ ವಿಷಯಗಳು. 1911ರಲ್ಲಿ ಪರೀಕ್ಷೆ ಮುಗಿಸಿದರೂ ಪದವಿ ಸಿಗಲಿಲ್ಲ. ಆಗ ಕೇಂಬ್ರಿಜ್‌ನಲ್ಲಿ ಹೆಂಗಸರು ಪಾಠ ಕೇಳಬಹುದಿತ್ತು, ಪರೀಕ್ಷೆಗೂ ಕೂರಬಹುದಿತ್ತು, ಪದವಿ ಮಾತ್ರ ಗಂಡಸರಿಗೆ. ಆ ನಿಯಮ ಬದಲಾಗಿದ್ದು 1948ರಲ್ಲಿ, ಅಂದರೆ ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ!

ಅದೇ 1911ರಲ್ಲಿ ತಂದೆ ಹೋದರು, ಎರಡು ವರ್ಷಕ್ಕೆ ಅಕ್ಕನೂ ಹೋದಳು. ತಾಯಿಯ ಜೊತೆ ಸಿಲೋನ್, ಆಮೇಲೆ ದಕ್ಷಿಣ ಆಫ್ರಿಕ ಎಂದು ಸುತ್ತಾಟ. 1914ರಲ್ಲಿ ಮಹಾಯುದ್ಧ ಶುರುವಾದಾಗ ಕೇಪ್‌ಟೌನ್‌ನಲ್ಲಿ ನರ್ಸುಗಳ ಜೊತೆ ಸ್ವಯಂಸೇವಕಿಯಾಗಿ ನಿಂತರು. ವೈದ್ಯೆಯಾಗಬೇಕೆಂಬ ನಿರ್ಧಾರ ಅಲ್ಲಿಂದಲೇ ಬಂದಿರಬೇಕು. 1915ರ ಜನವರಿಯಲ್ಲಿ ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆಗೆ ಸೇರಿ, 1920ರಲ್ಲಿ ಡಾಕ್ಟರಾದರು. ವಯಸ್ಸು 32. ಆದರೆ ದವಾಖಾನೆ ತೆರೆದು ರೋಗಿಗಳನ್ನು ನೋಡುವುದಕ್ಕಿಂತ ಲ್ಯಾಬು ಅವರಿಗೆ ಹಿಡಿಸಿತು. ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಬಸುರಿಯರ ರಕ್ತದ ಬಗ್ಗೆ ಸಂಶೋಧನೆಗೆ ತೊಡಗಿದರು. ಮದುವೆಯಾಗಲಿಲ್ಲ. ಸೈಕಲ್ ತುಳಿದುಕೊಂಡೇ ಕೆಲಸಕ್ಕೆ ಹೋಗುವುದು ಅವರ ರೂಢಿ.

ಈಗ ಮುಂಬಯಿಗೆ ಬರೋಣ. 1920ರ ದಶಕದಲ್ಲಿ ನಮ್ಮಲ್ಲಿ ಹೆರಿಗೆಯೆಂದರೆ ಸಾವಿನ ಬಾಗಿಲಿಗೆ ಹೋಗಿ ಬಂದಂತೆ. ನಂಜು, ರಕ್ತಸ್ರಾವದ ಜೊತೆಗೆ ಇನ್ನೊಂದು ವಿಚಿತ್ರ ಕಾಯಿಲೆ ಹೆಂಗಸರನ್ನು ಒಯ್ಯುತ್ತಿತ್ತು. ತಿಂಗಳು ತುಂಬುತ್ತಾ ಬಂದಂತೆ ಬಸುರಿ ಬಿಳಿಚಿಕೊಳ್ಳುತ್ತಾಳೆ, ಕಾಲು ಬಾತುಕೊಳ್ಳುತ್ತದೆ, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಹೆರಿಗೆಯ ಹೊತ್ತಿಗೆ ಎದೆಯಲ್ಲಿ ಶಕ್ತಿಯೇ ಉಳಿದಿರುವುದಿಲ್ಲ. ಕಬ್ಬಿಣಾಂಶ ಕೊಟ್ಟರೂ ಗುಣವಾಗದ ರಕ್ತಹೀನತೆ ಇದು. ಕಬ್ಬಿಣ ಕಡಿಮೆಯಾದರೆ ಕೆಂಪು ರಕ್ತಕಣ ಚಿಕ್ಕದಾಗಿ ಪೇಲವವಾಗಿ ಕಾಣುತ್ತದೆ. ಈ ಹೆಂಗಸರ ಸ್ಲೈಡಿನಲ್ಲಿ ಕಣಗಳು ಕಡಿಮೆ, ಆದರೆ ಒಂದೊಂದೂ ಬೇಕಾದ್ದಕ್ಕಿಂತ ದೊಡ್ಡದು. ಮೈಕ್ರೋಸ್ಕೋಪಿನಲ್ಲಿ ಅದನ್ನು ಮೊದಲ ಸಲ ಕಂಡವರು ಮರೆಯುವುದಿಲ್ಲ.

ತಾಯಂದಿರ ಸಾವಿನ ಕಾರಣ ಹುಡುಕುವ ವಿಚಾರಣೆಯೊಂದು ಹಾಫ್‌ಕಿನ್ ಸಂಸ್ಥೆಯಲ್ಲಿ ಶುರುವಾಗಿತ್ತು. ಭಾರತದಲ್ಲಿ ಬಹಳ ವರ್ಷ ಕೆಲಸ ಮಾಡಿದ್ದ ಡಾ. ಮಾರ್ಗರೆಟ್ ಬಾಲ್ಫೋರ್ ಈ ರಕ್ತಹೀನತೆಯ ಭಾಗಕ್ಕೆ ಲೂಸಿಯನ್ನು ಕರೆದರು. ಖರ್ಚಿಗೆ ಲೇಡಿ ಟಾಟಾ ಸ್ಮಾರಕ ಟ್ರಸ್ಟ್‌ನ ನೆರವಿತ್ತು. 1928ರಲ್ಲಿ, ತನ್ನ 40ನೇ ವಯಸ್ಸಿನಲ್ಲಿ, ಲೂಸಿ ಮುಂಬಯಿಗೆ ಬಂದಿಳಿದರು.

ಪರೇಲ್, ಲಾಲ್‌ಬಾಗ್ ಸುತ್ತಮುತ್ತ ಆಗ ಗಿರಣಿಗಳದ್ದೇ ರಾಜ್ಯ. ಹೆಂಗಸರು ನೂಲು ಸುತ್ತುವ ಖಾತೆಗಳಲ್ಲಿ ದುಡಿದು ಒಂದೇ ಕೋಣೆಯ ಚಾಳಿಗೆ ಮರಳುತ್ತಿದ್ದರು. ರಕ್ತದ ಸ್ಯಾಂಪಲ್ ತೆಗೆದು ಲ್ಯಾಬಿನಲ್ಲಿ ಕೂತಿದ್ದರೆ ಲೂಸಿಗೆ ಉತ್ತರ ಸಿಗುತ್ತಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ಅವರು ಹೆಂಗಸರ ಮನೆಗಳ ಕಡೆ ಕಣ್ಣು ಹಾಯಿಸಿದರು. ಯಾರ ಮನೆಯಲ್ಲಿ ಏನು ಬೇಯುತ್ತದೆ, ಸೊಪ್ಪು ಹಣ್ಣು ಎಷ್ಟು, ಹಾಲು ಮಾಂಸ ಉಂಟೋ ಇಲ್ಲವೋ, ಬಿಸಿಲು ಗಾಳಿ ಬರುತ್ತದೆಯೋ ಎಂದು ಡಾ. ತಳಪಡೆಯವರ ಜೊತೆ ಸೇರಿ ವಿಚಾರಿಸಿ ಬರೆದುಕೊಂಡರು. ಹಿಂದೂ ಗಿರಣಿ ಕೆಲಸದವರು, ಪರದೆಯೊಳಗಿನ ಮುಸ್ಲಿಂ ಹೆಂಗಸರು, ಅನುಕೂಲಸ್ಥರು ಎಂದು ಬೇರೆ ಬೇರೆ ವರ್ಗದವರ ತಟ್ಟೆಗಳನ್ನು ಹೋಲಿಸಿದರು. ಬಡ ಮುಸ್ಲಿಂ ಹೆಂಗಸರ ಊಟ ಎಲ್ಲಕ್ಕಿಂತ ಸೊರಗಿತ್ತು. ಈ ಕಾಯಿಲೆಯೂ ಅವರಲ್ಲೇ ಹೆಚ್ಚು. ರೋಗಾಣುವನ್ನು ಹುಡುಕುತ್ತಿದ್ದವರ ಕಾಲದಲ್ಲಿ ಕಾರಣ ಊಟದಲ್ಲಿದೆ ಎಂದು ಹೇಳುವುದಕ್ಕೆ ಲೆಕ್ಕ ಬೇಕಿತ್ತು. ಆ ಲೆಕ್ಕ ಈಗ ಅವರ ಕೈಯಲ್ಲಿತ್ತು.

ಊಟದಲ್ಲಿ ಇಲ್ಲದ್ದು ಯಾವುದು? ಇದನ್ನು ಕಂಡುಹಿಡಿಯಲು ಅದೇ ಬಡ ಊಟವನ್ನು ಇಲಿಗಳಿಗೆ ಹಾಕಿದರು. ಇಲಿಗಳಿಗೂ ರಕ್ತಹೀನತೆ ಬಂತು, ಆದರೆ ಇಲಿಗಳ ಮೈಮೇಲಿನ ಹೇನಿನಿಂದ ಹರಡುವ ಸೋಂಕೊಂದು ನಡುವೆ ಬಂದು ಲೆಕ್ಕ ಕಲಸಿಹೋಯಿತು. ಆಮೇಲೆ ಮಂಗಗಳು. 1929ರಲ್ಲಿ ಕೆಲವು ತಿಂಗಳು ನೀಲಗಿರಿಯ ಕೂನೂರಿನಲ್ಲಿ, ಆಹಾರ ಸಂಶೋಧನೆಗೆ ಹೆಸರಾಗಿದ್ದ ಮೆಕ್‌ಕ್ಯಾರಿಸನ್ ಅವರ ಪ್ರಯೋಗಾಲಯದಲ್ಲೂ ಇದ್ದರು. ರಕ್ತ ಬತ್ತಿ ಸಾಯುವ ಹಂತಕ್ಕೆ ಬಂದಿದ್ದ ಒಂದು ಮಂಗಕ್ಕೆ ಏನೇನೋ ಕೊಟ್ಟು, ಕೊನೆಗೆ ಮಾರ್ಮೈಟ್ ತಿನ್ನಿಸಿದಾಗ ಅದು ಚೇತರಿಸಿಕೊಂಡಿತು.

ಮಾರ್ಮೈಟ್ ಎಂದರೆ ಇಂಗ್ಲೆಂಡಿನವರು ಬ್ರೆಡ್ಡಿಗೆ ಹಚ್ಚಿಕೊಳ್ಳುವ ಕಪ್ಪು ಅಂಟು. ನೋಡಲು ಜೋನಿಬೆಲ್ಲ, ಬಾಯಿಗಿಟ್ಟರೆ ಉಪ್ಪು! ಬಿಯರ್ ತಯಾರಿಸಿದ ಮೇಲೆ ಉಳಿಯುವ ಯೀಸ್ಟಿನಿಂದ ಮಾಡುತ್ತಾರೆ, ಹಾಗಾಗಿ ಅಗ್ಗ. ಲೂಸಿ ಅದನ್ನು ಬಸುರಿಯರಿಗೆ ಕೊಟ್ಟರು. ಕೆಲವೇ ದಿನಗಳಲ್ಲಿ ರಕ್ತದಲ್ಲಿ ಎಳೆಯ ಕಣಗಳು ಏರತೊಡಗಿದವು, ಹಾಸಿಗೆ ಹಿಡಿದವರು ಎದ್ದು ಕೂತರು. 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದು ಪ್ರಕಟವಾಯಿತು.

ಅಷ್ಟಕ್ಕೇ ಅವರು ನಿಲ್ಲಲಿಲ್ಲ ಎಂಬುದು ನನಗೆ ಹೆಚ್ಚು ಮೆಚ್ಚುಗೆಯ ಸಂಗತಿ. ಆಗಿನ ಕಾಲಕ್ಕೆ ಇಂಥ ದೊಡ್ಡ ಕಣಗಳ ರಕ್ತಹೀನತೆಗೆ ಪ್ರಾಣಿಗಳ ಲಿವರ್ ಮದ್ದು ಎಂದು ಅಮೆರಿಕದಲ್ಲಿ 1926ರಲ್ಲೇ ತೋರಿಸಿದ್ದರು. ಆ ಕೆಲಸಕ್ಕೆ ಮುಂದೆ ನೊಬೆಲ್ ಕೂಡ ಬಂತು. ಮುಂಬಯಿಯ ಹೆಂಗಸರಿಗೆ ಹಸಿ ಲಿವರಿನ ಸಾರ ಕೆಲಸ ಮಾಡುತ್ತಿತ್ತು, ಶುದ್ಧೀಕರಿಸಿದ ಸಾರ ಮಾಡುತ್ತಿರಲಿಲ್ಲ. ಅಂದರೆ ಶುದ್ಧ ಮಾಡುವಾಗ ಬಿಟ್ಟುಹೋಗುವ ಬೇರೊಂದು ವಸ್ತು ಇದೆ, ಅದೇ ಮಾರ್ಮೈಟ್‌ನಲ್ಲೂ ಇದೆ ಎಂದು ಲೂಸಿ ತರ್ಕಿಸಿದರು. ಆ ವಸ್ತುವಿಗೆ ಬಹಳ ಕಾಲ ವಿಲ್ಸ್ ಫ್ಯಾಕ್ಟರ್ ಎಂದೇ ಹೆಸರು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ರಾಶಿ ರಾಶಿ ಪಾಲಕ್ ಸೊಪ್ಪಿನಿಂದ ಚಿಟಿಕೆಯಷ್ಟು ಆಮ್ಲ ತೆಗೆದು, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. ಶುದ್ಧೀಕರಿಸಿದ ಲಿವರಿನಲ್ಲಿ ಉಳಿಯುತ್ತಿದ್ದದ್ದು ಬಿ12 ಎಂಬುದು 1948ರಲ್ಲಿ ತಿಳಿಯಿತು.

ಅಲ್ಲಿಂದ ಈ ಒಂದು ವಸ್ತು ಯಾವ ಯಾವ ವಿಭಾಗಕ್ಕೆ ಹೋಯಿತು ನೋಡಿ. 1940ರ ದಶಕದಲ್ಲಿ ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ತಂಡದ ಹಿಂದೆ ಇದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ರಕ್ತಕಣ ಬೆಳೆಯಲು ಫೋಲಿಕ್ ಆಮ್ಲ ಬೇಕಾದರೆ, ಅದನ್ನು ತಡೆದರೆ ಹುಚ್ಚುಹುಚ್ಚಾಗಿ ಬೆಳೆಯುವ ಕ್ಯಾನ್ಸರ್ ಕಣವೂ ನಿಂತೀತಲ್ಲ? ಅದಕ್ಕೆ ಎದುರಾಳಿಯಾದ ಮದ್ದೂ ಅಲ್ಲೇ ತಯಾರಾಯಿತು. ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನು ರಕ್ತ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು, ಕೆಲವು ಮಕ್ಕಳಲ್ಲಿ ಕಾಯಿಲೆ ತಾತ್ಕಾಲಿಕವಾಗಿ ಹಿಮ್ಮೆಟ್ಟಿದ್ದನ್ನು 1948ರಲ್ಲಿ ಪ್ರಕಟಿಸಿದರು. ಅದರ ತಮ್ಮನಂತಿರುವ ಮೆಥೊಟ್ರೆಕ್ಸೇಟ್ ಇಂದಿಗೂ ಕ್ಯಾನ್ಸರಿಗೆ, ಸಂಧಿವಾತಕ್ಕೆ, ಗರ್ಭಕೋಶದ ಹೊರಗೆ ನಿಂತ ಬಸಿರಿಗೆ ಬಳಕೆಯಲ್ಲಿದೆ.

ಇನ್ನೊಂದು ತಿರುವು 1991ರದ್ದು. 7 ದೇಶಗಳ 33 ಕೇಂದ್ರಗಳಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಪ್ರಯೋಗವದು. ಹಿಂದೆ ಬೆನ್ನುಹುರಿಯ ದೋಷವಿರುವ ಮಗು ಹುಟ್ಟಿದ್ದ ತಾಯಂದಿರು ಮುಂದಿನ ಬಸಿರಿಗೆ ಮೊದಲೇ ಫೋಲಿಕ್ ಆಮ್ಲ ತೆಗೆದುಕೊಂಡರೆ ಆ ದೋಷ ಮರುಕಳಿಸುವುದು ಶೇ. 72ರಷ್ಟು ಕಡಿಮೆಯಾಗುತ್ತದೆ ಎಂದು ಗೊತ್ತಾಯಿತು. ಮಗುವಿನ ಬೆನ್ನುಹುರಿಯ ನಾಳ ಗರ್ಭ ನಿಂತ 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಎಷ್ಟೋ ಹುಡುಗಿಯರಿಗೆ ತಾನು ಬಸುರಿ ಎಂಬುದೇ ಗೊತ್ತಿರುವುದಿಲ್ಲ. ನಾವು ಸೀಮಂತಕ್ಕೆ ಹಸಿರು ಬಳೆ, ಹೋಳಿಗೆ ಎಂದು ಓಡಾಡುವುದು ಏಳನೇ ತಿಂಗಳಿಗೆ. ಟಿಟ್ವಾಳಾದ ಮಹಾಗಣಪತಿಗೆ ಮದುವೆಯ ಹರಕೆ ಹೊತ್ತವರು, ಮದುವೆಯಾಗಿ ಜೋಡಿಯಾಗಿ ಬಂದವರು ಎಷ್ಟು ಜನ! ಶಕುಂತಲೆಯ ಕಥೆಯನ್ನೂ ಈ ಗುಡಿಗೆ ಸೇರಿಸಿ ಹೇಳುತ್ತಾರೆ. ಆ ಜೋಡಿಗಳನ್ನು ನೋಡಿದಾಗೆಲ್ಲ, ಮಾತ್ರೆ ಶುರು ಮಾಡಬೇಕಾದ ವಯಸ್ಸು ಇದೇ ಅಲ್ಲವೇ ಅನ್ನಿಸುತ್ತದೆ. ಮಗು ಬೇಕು ಎಂದುಕೊಂಡಾಗಲೇ ದಿನಕ್ಕೆ 400 ಮೈಕ್ರೋಗ್ರಾಂ ಶುರುವಾಗಬೇಕು.

ಲೂಸಿಯ ವಿಷಯಕ್ಕೆ ಮರಳುತ್ತೇನೆ. 1933ರಲ್ಲಿ ಅವರು ಲಂಡನ್ನಿಗೆ ಹಿಂದಿರುಗಿದರು. 1937ರಲ್ಲಿ ಮತ್ತೆ ಹಾಫ್‌ಕಿನ್‌ಗೆ ಬಂದರು, ಈ ಸಲ ಹಡಗಲ್ಲ, ನೀರಿನ ಮೇಲೆ ಇಳಿಯುವ ವಿಮಾನದಲ್ಲಿ. ಇಂಗ್ಲೆಂಡಿನಿಂದ ಕರಾಚಿಗೆ 5 ದಿನ! ಎರಡನೇ ಮಹಾಯುದ್ಧದಲ್ಲಿ ಅವರ ಆಸ್ಪತ್ರೆಯ ಮೇಲೂ ಬಾಂಬು ಬಿತ್ತು. 1947ರಲ್ಲಿ ನಿವೃತ್ತರಾದ ಮೇಲೂ ಜಮೈಕ, ಫಿಜಿ ಎಂದು ಹೋಗಿ ಅಲ್ಲಿನ ಜನರ ಊಟ ಮತ್ತು ರಕ್ತವನ್ನು ಪರೀಕ್ಷಿಸುತ್ತಲೇ ಇದ್ದರು. ಚೆಲ್ಸಿಯಲ್ಲಿ ಲೇಬರ್ ಪಕ್ಷದ ಕೌನ್ಸಿಲರ್ ಕೂಡ ಆದರು. 1964ರ ಏಪ್ರಿಲ್ 16ರಂದು ತೀರಿಕೊಂಡರು. ತನ್ನ ಹೆಸರಿನ ವಸ್ತು ಮಕ್ಕಳ ಬೆನ್ನುಹುರಿಯನ್ನು ಕಾಯುತ್ತದೆ ಎಂದು ಸಾಬೀತಾದದ್ದನ್ನು ನೋಡಲು ಅವರಿರಲಿಲ್ಲ.

ಅವರು ಎತ್ತಿದ ಪ್ರಶ್ನೆ ಮುಗಿದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ಶೇ. 52 ಮಂದಿಗೆ ರಕ್ತಹೀನತೆ. ಸರಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ, 180 ದಿನ ನುಂಗಬೇಕು. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಎಂದು ಅರ್ಧಕ್ಕೇ ಬಿಡುವವರು ಬಹಳ. ಇದಕ್ಕೆ ದಾರಿ ಹುಡುಕುವ ಕೆಲಸದಲ್ಲಿ ನಮ್ಮ ಕರ್ನಾಟಕದವರೇ ಮುಂದಿದ್ದಾರೆ ಎನ್ನಲು ಸಂತೋಷ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು ಕರ್ನಾಟಕ ಮತ್ತು ರಾಜಸ್ಥಾನದ 4,000ಕ್ಕೂ ಹೆಚ್ಚು ಬಸುರಿಯರನ್ನು ಸೇರಿಸಿಕೊಂಡ ಪ್ರಯೋಗವೊಂದರಲ್ಲಿ ಪಾಲುಗೊಂಡಿದ್ದಾರೆ. ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆಯ ಬದಲು ರಕ್ತನಾಳಕ್ಕೆ ಒಂದೇ ಸಲ ಕಬ್ಬಿಣಾಂಶ ಕೊಟ್ಟರೆ ಹೇಗೆ ಎಂಬುದು ಅಲ್ಲಿನ ಪ್ರಶ್ನೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು 11,000 ಬಸುರಿಯರಲ್ಲಿ ಕ್ಯಾಲ್ಸಿಯಂ ಪರೀಕ್ಷಿಸಿ, ಬಸಿರಿನ ರಕ್ತದೊತ್ತಡದ ತೊಂದರೆ ತಡೆಯಲು ದಿನಕ್ಕೆ 1500 ಮಿಲಿಗ್ರಾಂ ಬದಲು 500 ಕೊಟ್ಟರೂ ಕಡಿಮೆಯಾಗದು ಎಂದು 2024ರಲ್ಲಿ ಪ್ರಕಟಿಸಿದರು. ನುಂಗುವ ಮಾತ್ರೆ ಮೂರರಿಂದ ಒಂದಕ್ಕೆ ಇಳಿದರೆ ಬಸುರಿಗೆ ಎಷ್ಟು ಹಗುರ!

ಕೊನೆಗೆ ಅಡುಗೆಮನೆಯ ಎರಡು ಮಾತು. ಫೋಲಿಕ್ ಆಮ್ಲದ ಗುಣವಿರುವ ಅಂಶ ಸೊಪ್ಪು, ಬೇಳೆಕಾಳುಗಳಲ್ಲಿದೆ, ಆದರೆ ನೀರಿನಲ್ಲಿ ಕರಗುತ್ತದೆ, ಹೆಚ್ಚು ಕುದಿಸಿದರೆ ನಾಶವಾಗುತ್ತದೆ. ಹಳೆ ಮೈಸೂರಿನ ಗೆಳತಿಯರು ಸೊಪ್ಪು ಬಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡುತ್ತಾರಲ್ಲ, ಅದು ಜಾಣತನ. ಮಳೆಗಾಲದಲ್ಲಿ ಇಲ್ಲಿನ ಆದಿವಾಸಿ ಹೆಂಗಸರು ಮಾರಲು ತರುವ ಟಾಕಳಾ ಬೇರೇನಲ್ಲ, ನಮ್ಮ ತುಳುನಾಡಿನ ತಜಂಕ್. ಬಿಡಬೇಡಿ. ಮತ್ತೆ, ನಮ್ಮಲ್ಲಿ ಸಸ್ಯಾಹಾರಿಗಳು ಹೆಚ್ಚು, ಬಿ12 ಕೊರತೆಯೂ ಹೆಚ್ಚು. ಬಿ12 ಕಡಿಮೆಯಿದ್ದಾಗ ಬರೀ ಫೋಲಿಕ್ ಆಮ್ಲ ತೆಗೆದುಕೊಂಡರೆ ರಕ್ತದ ರಿಪೋರ್ಟು ಸರಿಯಾಗಿ ಕಂಡರೂ ನರಗಳಿಗೆ ಆಗುವ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಆದ್ದರಿಂದ ಕೈಕಾಲು ಜೋಮು ಹಿಡಿಯುತ್ತಿದ್ದರೆ ಅಂಗಡಿಯಿಂದ ಮಾತ್ರೆ ತಂದು ನುಂಗುವ ಮೊದಲು ವೈದ್ಯರಿಗೆ ತೋರಿಸಿ, ಎರಡನ್ನೂ ಪರೀಕ್ಷೆ ಮಾಡಿಸಿಕೊಳ್ಳಿ.