ಡ್ರಾಕುಲಾನನ್ನು ಬರೆದ ಗುಮಾಸ್ತ

‘ದಿ ವ್ಯಾಂಪೈರ್ ಡೈರೀಸ್’ ಧಾರಾವಾಹಿ 2017ರಲ್ಲೇ ಮುಗಿಯಿತು. ಅದರ ಚರ್ಚೆ ಮಾತ್ರ ಹಾಸ್ಟೆಲ್‌ಗಳಲ್ಲಿ ಇನ್ನೂ ಮುಗಿದಿಲ್ಲ. ಬೆರಳಿಗೆ ಉಂಗುರ ಇದ್ದರೆ ವ್ಯಾಂಪೈರ್‌ನನ್ನು ಬಿಸಿಲು ಯಾಕೆ ಸುಡುವುದಿಲ್ಲ? ಮನೆಯವರು ಕರೆಯದೆ ಅವನು ಹೊಸ್ತಿಲು ಯಾಕೆ ದಾಟಲಾರ? ತೋಳವಾಗುವ ಮನುಷ್ಯ ಕಚ್ಚಿದರೆ ವ್ಯಾಂಪೈರ್ ಯಾಕೆ ಸಾಯುತ್ತಾನೆ? ಪ್ರತಿಯೊಂದಕ್ಕೂ ಒಬ್ಬೊಬ್ಬರದು ಒಂದೊಂದು ಥಿಯರಿ. ಈ ಥಿಯರಿ ಪ್ರಿಯರಿಗೆ ಎರಡನೇ ಸೀಸನ್ ಒಂದು ಏಟು ಕೊಟ್ಟಿತು. ಎರಡೂ ಕುಲದವರು ಶತಮಾನಗಳಿಂದ ನಂಬಿಕೊಂಡು ಬಂದ ಸೂರ್ಯ–ಚಂದ್ರರ ಶಾಪವೇ ಸುಳ್ಳು, ಕ್ಲಾಸ್ ಎಂಬ ಪಾತ್ರ ತನ್ನ ಲಾಭಕ್ಕೆ ಹಬ್ಬಿಸಿದ ಕಥೆ ಎಂದು ಅಲ್ಲಿ ಬಯಲಾಗುತ್ತದೆ.

ಧಾರಾವಾಹಿಯ ಹೊರಗೂ ಇಂಥದ್ದೇ ಒಂದು ಕಥೆ ಇದೆ. ವ್ಯಾಂಪೈರ್‌ಗಳ ನಿಯಮಾವಳಿಗೆ ಒಂದು ರೂಪ ಕೊಟ್ಟವನು ಬ್ರಾಮ್ ಸ್ಟೋಕರ್. ಅವನ ‘ಡ್ರಾಕುಲಾ’ ಎಲ್ಲಿಂದ ಬಂದ ಎಂಬ ಬಗ್ಗೆ ಹುಟ್ಟಿದ ಥಿಯರಿಗಳಿಗೆ ಲೆಕ್ಕವಿಲ್ಲ.

ಸ್ಟೋಕರ್ ಹುಟ್ಟಿದ್ದು 1847ರ ನವೆಂಬರ್ 8ರಂದು, ಐರ್ಲೆಂಡಿನ ಡಬ್ಲಿನ್ ಪಕ್ಕದ ಕ್ಲಾಂಟಾರ್ಫ್‌ನಲ್ಲಿ. ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ದೇಶವೇ ಬರಗಾಲದಲ್ಲಿ ನರಳುತ್ತಿದ್ದ ಕಾಲವದು. ಏಳು ಮಕ್ಕಳಲ್ಲಿ ಮೂರನೆಯವನಾದ ಈ ಹುಡುಗ ಸುಮಾರು ಏಳು ವರ್ಷ ತುಂಬುವವರೆಗೂ ಹಾಸಿಗೆ ಬಿಟ್ಟು ಏಳಲಿಲ್ಲ. ತಾಯಿ ಶಾರ್ಲೆಟ್ ಕಥೆ ಹೇಳುತ್ತಿದ್ದಳು. 1832ರಲ್ಲಿ ಆಕೆಯ ತವರು ಸ್ಲೈಗೋಗೆ ಕಾಲರಾ ಬಂದಿತ್ತು. ಪ್ಲೇಗ್ ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆಯನ್ನು ನಮ್ಮ ಕಡೆಯ ಹಿರಿಯರು ಹೇಳುತ್ತಾರಲ್ಲ, ಆಕೆಯ ಕಥೆಗಳೂ ಅಂಥವೇ. ಜೀವ ಇರುವವರನ್ನೂ ಸತ್ತರೆಂದು ಹೂಳಲು ಹೊರಟ ಭಯಾನಕ ದಿನಗಳ ನೆನಪು ಅವುಗಳಲ್ಲಿತ್ತು.

ಮುಂದೆ ಹುಡುಗ ಚೇತರಿಸಿಕೊಂಡ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಹೆಸರಾಂತ ಕ್ರೀಡಾಪಟುವಾದ. ನಂತರ ಅಪ್ಪನಂತೆ ಡಬ್ಲಿನ್ ಕ್ಯಾಸಲ್‌ನ ಸರಕಾರಿ ಕಚೇರಿ ಸೇರಿದ. ಅವನ ಮೊದಲ ಪುಸ್ತಕದಲ್ಲಿ ದೆವ್ವವೂ ಇಲ್ಲ, ರಕ್ತವೂ ಇಲ್ಲ. 1879ರಲ್ಲಿ ಬಂದ ಅದು ಐರ್ಲೆಂಡಿನ ಕೆಳ ನ್ಯಾಯಾಲಯಗಳ ಗುಮಾಸ್ತರ ಕರ್ತವ್ಯಗಳನ್ನು ವಿವರಿಸುವ ಕೈಪಿಡಿ.

ಕಚೇರಿ ಕೆಲಸದ ಜೊತೆಗೆ ಪತ್ರಿಕೆಗೆ ನಾಟಕ ವಿಮರ್ಶೆ ಬರೆಯುತ್ತಿದ್ದ, ಅದೂ ಸಂಬಳವಿಲ್ಲದೆ. ಅದೇ ಅವನನ್ನು ಪ್ರಸಿದ್ಧ ನಟ ಹೆನ್ರಿ ಇರ್ವಿಂಗ್ ಹತ್ತಿರ ಕರೆದೊಯ್ಯಿತು. 1878ರಲ್ಲಿ ಫ್ಲಾರೆನ್ಸ್ ಬಾಲ್ಕಂಬ್ ಎಂಬಾಕೆಯನ್ನು ಮದುವೆಯಾಗಿ, ಸರಕಾರಿ ನೌಕರಿ ಬಿಟ್ಟು ಲಂಡನ್‌ಗೆ ಹೋದ. ಅಲ್ಲಿ ಇರ್ವಿಂಗ್‌ನ ಲೈಸಿಯಂ ನಾಟಕಶಾಲೆಯ ವ್ಯವಸ್ಥಾಪಕನಾದ. ಲೆಕ್ಕಪತ್ರ, ಪತ್ರ ವ್ಯವಹಾರ, ಪ್ರವಾಸದ ಏರ್ಪಾಡು ಎಲ್ಲವೂ ಅವನ ತಲೆಗೆ. 1905ರಲ್ಲಿ ಇರ್ವಿಂಗ್ ಸಾಯುವವರೆಗೂ ಆ ಸೇವೆ ನಡೆಯಿತು. ಎತ್ತರದ, ಗತ್ತಿನ ಇರ್ವಿಂಗ್‌ನೇ ಡ್ರಾಕುಲಾ, ರಕ್ತ ಹೀರಿಸಿಕೊಂಡವನು ಸ್ಟೋಕರ್ ಎಂಬ ಥಿಯರಿ ಹುಟ್ಟಿದ್ದು ಇಲ್ಲಿಂದ. ಕೇಳಲು ಚೆನ್ನಾಗಿದೆ. ಆದರೆ ಆ ಯಜಮಾನನ ಬಗ್ಗೆ 1906ರಲ್ಲಿ ಎರಡು ಸಂಪುಟಗಳ ನೆನಪಿನ ಪುಸ್ತಕವನ್ನು ಅಭಿಮಾನದಿಂದ ಬರೆದವನೂ ಇದೇ ಸ್ಟೋಕರ್.

ಎಲ್ಲಕ್ಕಿಂತ ದೊಡ್ಡ ಥಿಯರಿ ವ್ಲಾಡ್‌ನದು. ಶತ್ರುಗಳನ್ನು ಶೂಲಕ್ಕೇರಿಸುತ್ತಿದ್ದ 15ನೇ ಶತಮಾನದ ವಲ್ಲಾಕಿಯಾದ ಈ ದೊರೆಯೇ ಡ್ರಾಕುಲಾನ ಮೂಲ ಎಂಬ ವಾದ 1972ರಲ್ಲಿ ಇಬ್ಬರು ಪ್ರಾಧ್ಯಾಪಕರು ಬರೆದ ಪುಸ್ತಕದಿಂದ ಜಗತ್ತಿಗೆಲ್ಲ ಹಬ್ಬಿತು. ಆದರೆ ಸ್ಟೋಕರ್ ತನ್ನ ಕಾದಂಬರಿಗಾಗಿ ಮಾಡಿಕೊಂಡ ಟಿಪ್ಪಣಿಗಳು ಉಳಿದುಕೊಂಡಿವೆ. ಅಮೆರಿಕದ ಫಿಲಡೆಲ್ಫಿಯಾದ ರೋಸೆನ್‌ಬಾಕ್ ಸಂಗ್ರಹಾಲಯದಲ್ಲಿರುವ ಆ ಹಾಳೆಗಳಲ್ಲಿ ಶೂಲದ ಮಾತಿಲ್ಲ, ವ್ಲಾಡ್ ಎಂಬ ಹೆಸರೂ ಇಲ್ಲ. ಖಳನಾಯಕನಿಗೆ ಮೊದಲು ಇಟ್ಟಿದ್ದ ಹೆಸರು ‘ವಾಂಪೈರ್’. 1890ರ ಬೇಸಿಗೆಯಲ್ಲಿ ವಿಟ್ಬಿ ಎಂಬ ಕಡಲ ಊರಿಗೆ ರಜೆಗೆ ಹೋದವನು ಅಲ್ಲಿನ ಗ್ರಂಥಾಲಯದಲ್ಲಿ ವಿಲಿಯಂ ವಿಲ್ಕಿನ್ಸನ್ ಬರೆದ ಹಳೆಯ ಪುಸ್ತಕವೊಂದನ್ನು ಓದಿದ. ಡ್ರಾಕುಲಾ ಎಂಬ ಹೆಸರು ಸಿಕ್ಕಿದ್ದು ಅದರಲ್ಲಿ. ಆ ನುಡಿಯಲ್ಲಿ ಅದಕ್ಕೆ ಸೈತಾನ ಎಂಬ ಅರ್ಥವಿದೆ ಎಂದು ಗುರುತು ಹಾಕಿಕೊಂಡ. ವಿಟ್ಬಿಯಲ್ಲೇ 1885ರಲ್ಲಿ ಒಡೆದ ‘ದಿಮಿತ್ರಿ’ ಎಂಬ ಹಡಗಿನ ವಿವರ ಕಲೆಹಾಕಿದ. ಕಾದಂಬರಿಯಲ್ಲಿ ಅದು ‘ಡಿಮೀಟರ್’ ಆಯಿತು.

ನಮ್ಮ ಪ್ರಾಜೆಕ್ಟ್ ಡೈರಿಯನ್ನು ನೆನಪಿಸುವ ಟಿಪ್ಪಣಿಗಳಿವು. ಘಟನೆಗಳ ದಿನಾಂಕಪಟ್ಟಿ, ರೈಲಿನ ವೇಳೆ, ಪಾತ್ರಗಳ ಪಟ್ಟಿ, ಓದಿದ ಪುಸ್ತಕಗಳ ಸಾರ ಎಲ್ಲವೂ ಇವೆ. ಕಾದಂಬರಿಯ ಟ್ರಾನ್ಸಿಲ್ವೇನಿಯಾಕ್ಕೆ ಸ್ಟೋಕರ್ ಒಮ್ಮೆಯೂ ಕಾಲಿಟ್ಟವನಲ್ಲ. ಎಮಿಲಿ ಜೆರಾರ್ಡ್ 1885ರಲ್ಲಿ ಅಲ್ಲಿನ ಮೂಢನಂಬಿಕೆಗಳ ಬಗ್ಗೆ ಬರೆದ ಲೇಖನ ಅವನಿಗೆ ನೆರವಾಯಿತು. ಡ್ರಾಕುಲಾನ ಕೂಡಿದ ಹುಬ್ಬು, ಅಂಗೈಯ ಕೂದಲು ಬಂದದ್ದು ತೋಳಮನುಷ್ಯರ ಬಗ್ಗೆ ಬೇರಿಂಗ್–ಗೌಲ್ಡ್ 1865ರಲ್ಲಿ ಬರೆದ ಪುಸ್ತಕದಿಂದ. ಅಂದರೆ ಧಾರಾವಾಹಿಯಲ್ಲಿ ಬದ್ಧವೈರಿಗಳಾದ ವ್ಯಾಂಪೈರ್ ಮತ್ತು ತೋಳಮನುಷ್ಯ ಸ್ಟೋಕರ್‌ನಲ್ಲಿ ಒಂದೇ ಮೈಯಲ್ಲಿದ್ದರು. ಅವನ ಡ್ರಾಕುಲಾ ತೋಳಗಳನ್ನು ಆಳುತ್ತಾನೆ, ತಾನೂ ತೋಳವಾಗುತ್ತಾನೆ.

ನಮಗೂ ಒಂದು ಆಸೆಯ ಥಿಯರಿ ಇದೆ. ವಿಕ್ರಮ–ಬೇತಾಳ ಕಥೆಗಳನ್ನು 1870ರಲ್ಲಿ ಇಂಗ್ಲಿಷಿಗೆ ತಂದ ರಿಚರ್ಡ್ ಬರ್ಟನ್, ಬೇತಾಳನನ್ನು ವ್ಯಾಂಪೈರ್ ಎಂದೇ ಕರೆದ. ಇರ್ವಿಂಗ್ ಮೂಲಕ ಸ್ಟೋಕರ್ ಅವನನ್ನು ಭೇಟಿಯಾಗಿದ್ದ, ಅವನ ಕೋರೆಹಲ್ಲಿನ ಹೊಳಪನ್ನೂ ಬರೆದಿಟ್ಟಿದ್ದಾನೆ. ಹಾಗಾದರೆ ಡ್ರಾಕುಲಾ ನಮ್ಮ ಬೇತಾಳನ ಮೊಮ್ಮಗನೇ? ಹಲ್ಲು ನೋಡಿದ್ದು ನಿಜ. ಆದರೆ ಮರಕ್ಕೆ ನೇತುಬಿದ್ದು ಒಗಟು ಕೇಳುವ ಬೇತಾಳನಿಗೆ ರಕ್ತದ ದಾಹವಿಲ್ಲ. ಕರೆಯದೆ ಒಳಗೆ ಬರಲಾರ ಎಂಬ ನಿಯಮ ‘ಡ್ರಾಕುಲಾ’ದಲ್ಲಿ ಇದೆ, ನಮ್ಮ ನಾಡಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹವೂ ಇದೆ. ಜುಗೂಳದಂಥ ಕೃಷ್ಣಾ ತೀರದ ಊರುಗಳಲ್ಲಿ ಅಮಾವಾಸ್ಯೆಗೆ ಬಾಗಿಲಿಗೆ ನಿಂಬೆ–ಮೆಣಸಿನಕಾಯಿ ಕಟ್ಟುತ್ತಾರೆ. ಒಂದನ್ನು ನೋಡಿ ಇನ್ನೊಂದು ಹುಟ್ಟಿತು ಎನ್ನಬೇಕಿಲ್ಲ. ಹೊಸ್ತಿಲ ಭಯ ಎಲ್ಲ ಕಡೆಯ ಮನುಷ್ಯರದ್ದು.

ಸುಮಾರು ಏಳು ವರ್ಷಗಳ ದುಡಿಮೆಯ ನಂತರ 1897ರ ಮೇ ತಿಂಗಳಲ್ಲಿ ‘ಡ್ರಾಕುಲಾ’ ಪ್ರಕಟವಾಯಿತು. ಅದು ಅವನಿಗೆ ಸಿರಿವಂತಿಕೆ ತರಲಿಲ್ಲ. 1912ರ ಏಪ್ರಿಲ್ 20ರಂದು, ಟೈಟಾನಿಕ್ ಮುಳುಗಿದ ಐದೇ ದಿನಕ್ಕೆ, ಅವನು ತೀರಿಕೊಂಡ. ಆಗ ಜನ ಅವನನ್ನು ಗುರುತಿಸುತ್ತಿದ್ದದ್ದು ಹೆಚ್ಚಾಗಿ ಇರ್ವಿಂಗ್‌ನ ಮ್ಯಾನೇಜರ್ ಎಂದೇ. ಮರುವರ್ಷ ಟಿಪ್ಪಣಿಯ ಹಾಳೆಗಳೂ ಹರಾಜಾದವು.

1922ರಲ್ಲಿ ಜರ್ಮನಿಯವರು ಅನುಮತಿಯಿಲ್ಲದೆ ಈ ಕಥೆಯನ್ನು ‘ನೊಸ್ಫೆರಾಟು’ ಎಂಬ ಸಿನಿಮಾ ಮಾಡಿದರು. ಫ್ಲಾರೆನ್ಸ್ ನ್ಯಾಯಾಲಯಕ್ಕೆ ಹೋಗಿ ಗೆದ್ದಳು. ಪ್ರತಿಗಳನ್ನೆಲ್ಲ ನಾಶಮಾಡಲು ಆದೇಶವಾಯಿತು, ಕೆಲವು ಹೇಗೋ ಉಳಿದುಬಿಟ್ಟವು. ಬಿಸಿಲು ತಾಗಿದರೆ ವ್ಯಾಂಪೈರ್ ಸಾಯುತ್ತಾನೆ ಎಂಬ ನಿಯಮ ಹರಡಿದ್ದು ಆ ಸಿನಿಮಾದಿಂದ. ಸ್ಟೋಕರ್‌ನ ಡ್ರಾಕುಲಾ ಹಗಲಲ್ಲೇ ಲಂಡನ್ ಬೀದಿಯಲ್ಲಿ ನಡೆಯುತ್ತಾನೆ, ಅವನ ಶಕ್ತಿ ಕುಗ್ಗಿರುತ್ತದೆ ಅಷ್ಟೇ.

ಥಿಯರಿ ಕಟ್ಟುವುದು ಖುಷಿಯ ಕೆಲಸ, ಬಿಡಬೇಕಾಗಿಲ್ಲ. ಆದರೆ ವ್ಲಾಡ್ ಎಂದೋ ಇರ್ವಿಂಗ್ ಎಂದೋ ಬೇತಾಳ ಎಂದೋ ಒಂದೇ ಹೆಸರಿಗೆ ಎಲ್ಲವನ್ನೂ ಕಟ್ಟಿದರೆ, ಹಗಲೆಲ್ಲ ಇನ್ನೊಬ್ಬರ ಲೆಕ್ಕ ಬರೆದು, ಬಿಡುವಿನಲ್ಲಿ ಗ್ರಂಥಾಲಯದಲ್ಲಿ ಕುಳಿತು ಟಿಪ್ಪಣಿ ಮಾಡಿದ ಮನುಷ್ಯನೇ ಕಾಣೆಯಾಗುತ್ತಾನೆ. ಡ್ರಾಕುಲಾನ ಮೂಲ ಕೇಳಿದರೆ ನಾನಂತೂ ಮೊದಲು ಆ ಹಾಳೆಗಳ ಕಡೆ ಬೆರಳು ತೋರಿಸುತ್ತೇನೆ.