ಜೇಡರ ದಾಸಿಮಯ್ಯನವರ ನೇಯ್ಗೆಯ ಕಾಯಕ

ವಚನಕಾರರಲ್ಲಿ ಆದ್ಯರೆಂದು ಗಣ್ಯರಾದ ಜೇಡರ ದಾಸಿಮಯ್ಯನವರು ಬಸವಣ್ಣನವರಿಗಿಂತ ಹಿಂದಿನವರು. ಇಂದಿನ ಯಾದಗಿರಿ ಜಿಲ್ಲೆಯ, ಸುರಪುರ ಸೀಮೆಯ ಮುದನೂರು ಅವರ ಊರು. ಅಲ್ಲಿಯ ರಾಮನಾಥನೇ ಅವರ ಆರಾಧ್ಯದೈವ, ವಚನಗಳ ಅಂಕಿತವೂ ಅದೇ. ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ ಆಳಿದ ಚಾಲುಕ್ಯ ಜಯಸಿಂಹನ ರಾಣಿ ಸುಗ್ಗಲೆಗೆ ದೀಕ್ಷೆಯಿತ್ತವರು ಇವರೇ ಎಂಬುದು ಪರಂಪರೆ. ಆ ದೇವರ ದಾಸಿಮಯ್ಯನೇ ಬೇರೆಯೆಂಬುದು ಕೆಲವು ವಿದ್ವಾಂಸರ ವಾದ. ಆ ಚರ್ಚೆ ಹಾಗಿರಲಿ. ಜೇಡನೆಂದರೆ ನೇಕಾರ, ಹೆಸರೇ ಕಾಯಕವನ್ನು ಸಾರುತ್ತದೆ.

ಅಡವಿಯಲ್ಲಿ ಉಗ್ರತಪವನ್ನಾಚರಿಸುತ್ತಿದ್ದ ಅವರನ್ನು ಶಿವನು ದೇಹದಂಡನೆಯಿಂದ ಬಿಡಿಸಿ, ದುಡಿದು ದಾಸೋಹಗೈಯೆಂದು ಊರಿಗೆ ಕಳುಹಿದನೆಂದು ಐತಿಹ್ಯವುಂಟು. ಮಗ್ಗದ ಬಾಳು ತಪಸ್ಸಿಗಿಂತ ಸುಲಭವಾದುದೇನೂ ಅಲ್ಲ. ಹತ್ತಿಯ ಬೀಜ ಬಿಡಿಸಿ, ಹಿಂಜಿ, ಹಂಜಿ ಮಾಡಿ, ನೂಲಬೇಕು. ರಾಟೆ ಬಳಕೆಗೆ ಬರುವ ಮುನ್ನ ಇದೆಲ್ಲ ಕೈಗದಿರಿನ ಕೆಲಸ. ಒಂದು ಮಗ್ಗವನ್ನು ನಡೆಸಲು ಹಲವು ಕೈಗಳು ನೂಲುತ್ತಿರಬೇಕು. ಹಾಸಿನ ನೂಲನ್ನು ಬೀದಿಯುದ್ದಕ್ಕೂ ಚಾಚಿ, ಗಂಜಿಯೂಡಿಸಿ, ಕುಂಚದಿಂದ ತಿದ್ದಿ ಒಣಗಿಸಬೇಕು; ಮಳೆ ಹಿಡಿದರೆ ಆ ಕೆಲಸ ನಿಂತಿತು. ಹೊಕ್ಕಿನ ನೂಲನ್ನು ಕಂಡಿಕೆಗೆ ಸುತ್ತಿ ಲಾಳಿಗಿಡುವವರು ಬಹುಮಟ್ಟಿಗೆ ಮನೆಯ ಹೆಂಗಸರು ಮತ್ತು ಮಕ್ಕಳು. ಬಟ್ಟೆ ಮಾರಾಟವಾಗುವವರೆಗೆ ಕೈಗೆ ಕಾಸಿಲ್ಲ, ಹೊಟ್ಟೆಯಾದರೋ ಕಾಯುವುದಿಲ್ಲ. ಇದರ ಮೇಲೆ ಅರಸರಿಗೆ ತೆರಬೇಕಾದ ಮಗ್ಗದೆರೆ. ನಾಡಿನ ಶಾಸನಗಳಲ್ಲಿ ಅದರ ಉಲ್ಲೇಖ ಕಾಣುತ್ತದೆ. ಸಂತೆಗೆ ತಂದ ಸೀರೆಯನ್ನು ಹಿಂದಕ್ಕೊಯ್ಯಲಾರದ ನೇಕಾರನ ಅವಸರವನ್ನು ಕೊಳ್ಳುವವನು ಬಲ್ಲನು. ಬೆಲೆ ಇಳಿಯುವುದು ಅಲ್ಲಿಯೇ.

ಬಸವಪುರಾಣದ ಪರಂಪರೆಯಲ್ಲಿ ಪ್ರಸಿದ್ಧವಾದ ವಸ್ತ್ರದಾನದ ಕಥೆಯನ್ನು ಈ ಲೆಕ್ಕದೊಡನೆ ಓದಬೇಕು. ದಾಸಿಮಯ್ಯನವರು ಬಹುಕಾಲ ಶ್ರಮಿಸಿ ಅಪೂರ್ವವಾದ ವಸ್ತ್ರವೊಂದನ್ನು ನೇಯ್ದರು. ಸಂತೆಯಲ್ಲಿ ಅದಕ್ಕೆ ಬೆಲೆ ಕಟ್ಟಬಲ್ಲವರಿರಲಿಲ್ಲ. ಮರಳುವ ದಾರಿಯಲ್ಲಿ ವೃದ್ಧಜಂಗಮನ ವೇಷದಿಂದ ಬಂದ ಶಿವನು ಅದನ್ನು ಬೇಡಿದನು, ಅವರು ಕೊಟ್ಟರು. ಪಡೆದವನು ಅವರ ಕಣ್ಣೆದುರಿಗೇ ಅದನ್ನು ಚೂರುಚೂರಾಗಿ ಹರಿದು, ಮೈಗೂ ತಲೆಗೂ ಸುತ್ತಿಕೊಂಡನು. ಸಿರಿವಂತನು ಪೆಟ್ಟಿಗೆಯಿಂದ ತೆಗೆದುಕೊಡುವ ವಸ್ತ್ರ ಬೇರೆ, ಇದು ಬೇರೆ. ಹರಿದುದು ಒಂದು ಮನೆಯ ಮೂಲಧನ. ಮುಂದಿನ ಹಾಸಿನ ನೂಲು, ಒಲೆಯ ಮೇಲಿನ ಅನ್ನ. ದಾಸಿಮಯ್ಯನವರು ಕೋಪಿಸಲಿಲ್ಲ, ಬೆಲೆಯನ್ನೂ ಕೇಳಲಿಲ್ಲ. ಪ್ರಸನ್ನನಾದ ಶಿವನು ಎಂದಿಗೂ ಬರಿದಾಗದ ತವನಿಧಿಯನ್ನು ಕರುಣಿಸಿದನು. ಆ ಬಳಿಕವೂ ಮುದನೂರಿನ ಆ ಮನೆಗೆ ಬಂದ ಜಂಗಮರಿಗೆ ಅನ್ನವಿಕ್ಕುವ ಕೈ ದುಗ್ಗಳೆಯದೇ ಆಗಿತ್ತು.

ದುಗ್ಗಳೆ ಅವರ ಧರ್ಮಪತ್ನಿ. ಮರಳು ಬೆರೆತ ಅಕ್ಕಿಯನ್ನೂ ಕಬ್ಬನ್ನೂ ಕೊಟ್ಟು, ನೀರು ಸೌದೆಗಳಿಲ್ಲದೆ ಪಾಯಸ ಮಾಡಬಲ್ಲ ಕನ್ಯೆಯನ್ನು ದಾಸಿಮಯ್ಯನವರು ಅರಸಿದಾಗ, ಆಕೆ ಕಬ್ಬಿನ ರಸದಲ್ಲಿ ಅಕ್ಕಿ ಬೇಯಿಸಿ, ಸಿಪ್ಪೆಯನ್ನೇ ಉರುವಲಾಗಿಸಿದಳಂತೆ. ನೇಕಾರನ ಮನೆಗೆ ಬೇಕಾದುದು ಈ ಜಾಣ್ಮೆಯೇ. ಅಲ್ಲಿ ತುಂಡು ನೂಲೂ ವ್ಯರ್ಥವಾಗುವಂತಿಲ್ಲ. ಆಕೆಯೂ ವಚನಕಾರ್ತಿ. ಉಳಿದು ಬಂದಿರುವ ಎರಡು ವಚನಗಳಲ್ಲಿ ಆಕೆ ಇಟ್ಟುಕೊಂಡ ಅಂಕಿತ ದಾಸಯ್ಯಪ್ರಿಯ ರಾಮನಾಥ.