ಹಾಡುವಳ್ಳಿಯ ವೈಯಾಕರಣ

ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನು ಸೋತೆನು. ಉನ್ನತ ಶಿಕ್ಷಣಕ್ಕೆ ಕನ್ನಡವು ಸಾಲುವುದೇ ಎಂಬುದು ವಿಷಯ. ಸಾಲುತ್ತದೆಂದು ವಾದಿಸುವ ಪಾಲು ನನ್ನದು. ಎದುರು ಪಕ್ಷದ ಗೆಳೆಯನು ಎದ್ದು ನಿಂತು, ವ್ಯಾಕ್ಯೂಂ ಎಂಬ ಒಂದೇ ಒಂದು ಶಬ್ದಕ್ಕೆ ಕನ್ನಡದಲ್ಲಿ ಏನನ್ನುತ್ತೀಯೆಂದು ಕೇಳಿ ಕುಳಿತುಬಿಟ್ಟನು. ಶೂನ್ಯ ಎಂದೆನು, ಅದು ಸೊನ್ನೆಯಾಯಿತಲ್ಲವೆಂದು ಯಾರೋ ನಕ್ಕರು. ಖಾಲಿ ಎಂದೆನು; ಅದು ಅರಬ್ಬೀ ಮಾತೆಂದು ಇನ್ನೊಬ್ಬರು ತಿದ್ದಿದರು. ಆಮೇಲೆ ನನ್ನ ತಲೆಯೇ ಆ ಶಬ್ದಕ್ಕೆ ಉದಾಹರಣೆಯಾಯಿತು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆ ಸಂಜೆ ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಬಂದಾಗ, ಅಪ್ಪನು ತಾನು ಕೆಲಸ ಮಾಡುವ ಅಡಿಕೆ ತೋಟದ ಪಂಪಿಗೆ ಬಿಂದಿಗೆಯಿಂದ ನೀರು ಹೊಯ್ಯುತ್ತಿದ್ದನು. ಪಂಪು ಗಾಳಿ ಹಿಡಿದಿದೆ, ಗಾಳಿ ಹೋಗುವ ತನಕ ನೀರು ಎಳೆಯುವುದಿಲ್ಲ ಎಂದು ನನಗೂ ಒಂದು ಬಿಂದಿಗೆ ಕೊಟ್ಟನು. ಅಂಗಳದಲ್ಲಿ ಆಯಿ ಭತ್ತ ತೂರಿ ಜೊಳ್ಳನ್ನು ಬೇರೆ ಮಾಡುತ್ತಿದ್ದಳು. ಕಾಳಿನೊಳಗೆ ಏನೂ ಇಲ್ಲದಿದ್ದರೆ ಜೊಳ್ಳು, ಮರದೊಳಗಾದರೆ ಟೊಳ್ಳು, ಮಾತಿನೊಳಗಾದರೆ ಪೊಳ್ಳು, ಕೊಡವಾದರೆ ಬರಿದು, ಜನ ಬಿಟ್ಟುಹೋದ ಮನೆಯಾದರೆ ಪಾಳು, ಗದ್ದೆಯಾಚೆಗೆ ಏನೂ ಅಡ್ಡವಿಲ್ಲದೆ ಹರಡಿದ್ದರೆ ಬಯಲು. ಇಷ್ಟು ಮಾತುಗಳು ಮನೆಯಂಗಳದಲ್ಲೇ ಬಿದ್ದಿದ್ದವು. ವೇದಿಕೆಯ ಮೇಲೆ ಒಂದಾದರೂ ನನ್ನ ಬಾಯಿಗೆ ಬರಲಿಲ್ಲ.

ಮರುದಿನ ಗ್ರಂಥಾಲಯದಲ್ಲಿ ನಿಘಂಟು ತೆಗೆದೆನು. ಬರಿದು ಎಂಬರ್ಥದ ಒಂದು ಲ್ಯಾಟಿನ್ ಶಬ್ದದಿಂದ ವ್ಯಾಕ್ಯೂಂ ಹುಟ್ಟಿದೆ. ಬಸ್ಸಿನ ವೇಕೆಂಟ್ ಸೀಟೂ ನಮಗೆಲ್ಲ ಪ್ರಿಯವಾದ ವೆಕೇಶನ್ನೂ ಅದರ ಒಡಹುಟ್ಟಿದವೇ. ಚಹದ ಫ್ಲಾಸ್ಕಿನ ಎರಡು ಗಾಜಿನ ಗೋಡೆಗಳ ನಡುವೆ ಗಾಳಿ ತೆಗೆದ ಸ್ಥಳವೂ ವ್ಯಾಕ್ಯೂಂ; ಅರಸನು ಹೋಗಿ ಮತ್ತೊಬ್ಬನು ಬಾರದ ರಾಜ್ಯದ ಸ್ಥಿತಿಯೂ ವ್ಯಾಕ್ಯೂಂ. ಅಂದರೆ ಆ ಭಾಷೆಯು ಒಂದೇ ಶಬ್ದವನ್ನು ಹತ್ತು ಕಡೆ ದುಡಿಸಿಕೊಂಡಿದೆ. ನಾವು ಹತ್ತು ಕಡೆಗೆ ಹತ್ತು ಶಬ್ದ ಇಟ್ಟುಕೊಂಡಿದ್ದೇವೆ. ಭೌತಶಾಸ್ತ್ರದ ಕನ್ನಡ ಪುಸ್ತಕದಲ್ಲಿ ನಿರ್ವಾತ ಎಂಬ ಮಾತು ಸಿಕ್ಕಿತು. ವಾತವಿಲ್ಲದ್ದು, ಅಂದರೆ ಗಾಳಿ ಹೋದದ್ದು. ಅಪ್ಪನ ಮಾತಿಗೆ ಇದು ಎಷ್ಟು ಹತ್ತಿರ!

ಹೀಗೆ ಕಪಾಟುಗಳ ನಡುವೆ ತಡಕಾಡುತ್ತಿರುವಾಗ ಕನ್ನಡ ಸಾಹಿತ್ಯ ಚರಿತ್ರೆಯ ಒಂದು ಪುಟದಲ್ಲಿ ನನಗಿಂತ ನಾಲ್ಕು ನೂರು ವರ್ಷ ಮೊದಲೇ ಇದೇ ಸವಾಲನ್ನು ಎದುರಿಸಿದವನೊಬ್ಬನು ದೊರೆತನು. ಅವನು ನಮ್ಮ ಭಟ್ಕಳ ಸೀಮೆಯವನೇ. ಆತನೇ ಭಟ್ಟಾಕಳಂಕದೇವ. ಹೆಸರನ್ನು ನಾವೆಲ್ಲರೂ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೇವೆ: ಕರ್ಣಾಟಕ ಶಬ್ದಾನುಶಾಸನ, 1604, ಎರಡು ಅಂಕ. ಅದರಾಚೆಗೆ ನಾನೂ ಹೋಗಿರಲಿಲ್ಲ.

ಆತನ ಬಾಳಿನ ವಿವರಗಳು ಬಹಳ ಕಡಿಮೆ. ತಂದೆ ತಾಯಿ ಯಾರು, ಹುಟ್ಟಿದ ವರ್ಷ ಯಾವುದು ಎಂಬ ಕಡೆಯೆಲ್ಲ ಪುಸ್ತಕಗಳು ಮೌನವಾಗಿವೆ. ಜೈನನು, ಹಾಡುವಳ್ಳಿಯ ಮಠದ ಗುರುವಾಗಿದ್ದ ಅಕಳಂಕದೇವನ ಶಿಷ್ಯನು, ಸಂಸ್ಕೃತ ಕನ್ನಡಗಳೆರಡರಲ್ಲಿಯೂ ಪಾರಂಗತನು. ಹಾಡುವಳ್ಳಿಯು ಭಟ್ಕಳದಿಂದ ಈಶಾನ್ಯಕ್ಕೆ, ಘಟ್ಟದ ಬುಡದಲ್ಲಿದೆ. ಅದರ ಸಂಸ್ಕೃತ ಹೆಸರು ಸಂಗೀತಪುರ. ಒಂದು ಕಾಲಕ್ಕೆ ಅದು ಸಾಳುವ ಅರಸರ ರಾಜಧಾನಿ. ಎಂಟನೆಯ ಶತಮಾನದ ಪ್ರಸಿದ್ಧ ಜೈನ ತಾರ್ಕಿಕನಾದ ಅಕಳಂಕನು ಬೇರೆ, ಈತನು ಬೇರೆ. ಇಬ್ಬರನ್ನು ಒಂದು ಮಾಡಿ ಉತ್ತರ ಬರೆದು ಅಂಕ ಕಳೆದುಕೊಂಡವರು ನಮ್ಮ ತರಗತಿಯಲ್ಲಿಯೇ ಇದ್ದಾರೆ.

ಭಟ್ಕಳಕ್ಕೆ ಆ ಹೆಸರು ಬಂದುದು ಭಟ್ಟಾಕಳಂಕನಿಂದ ಎಂದು ನಮ್ಮ ಕಡೆ ಹೇಳುವುದುಂಟು. ಕೇಳುವುದಕ್ಕೆ ಇಂಪಾಗಿದೆ, ಆದರೆ ನನಗೆ ಒಪ್ಪಿಗೆಯಿಲ್ಲ. 1502ರಲ್ಲಿ ವಾಸ್ಕೊ ಡ ಗಾಮನು ಈ ಬಂದರಿನ ಮೇಲೆ ಏರಿಬಂದಾಗಲೇ ಪೋರ್ತುಗೀಸರು ಇದನ್ನು ಬಟಿಕಲಾ ಎಂದು ಕರೆಯುತ್ತಿದ್ದರು. ನೂರು ವರ್ಷಗಳ ಅನಂತರ ವ್ಯಾಕರಣ ಬರೆದವನು ಅದಕ್ಕೆ ಹೆಸರು ಕೊಡುವುದು ಹೇಗೆ? ಅದೇ ಹೆಸರಿನ ಹಿಂದಿನ ಗುರುವೊಬ್ಬನಿಂದ ಬಂದಿದ್ದರೆ ಬಂದಿರಬಹುದು.

ಆತನ ಕಾಲದಲ್ಲಿ ಈ ನಾಡಿನ ಒಡತಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ. 1552ರಿಂದ ಅರ್ಧ ಶತಮಾನಕ್ಕೂ ಮಿಕ್ಕಿ ಆಳಿದವಳು. ಪೋರ್ತುಗೀಸರ ಬಾಯಲ್ಲಿ ಕಾಳುಮೆಣಸಿನ ರಾಣಿ. ಕುಮಟೆಯ ಮಿರ್ಜಾನ ಕೋಟೆಯೂ ಹೊನ್ನಾವರದ ಶರಾವತಿಯ ದಂಡೆಯ ಮೇಲಿರುವ ಚತುರ್ಮುಖ ಬಸದಿಯೂ ಇಂದಿಗೂ ಆ ಕಾಲವನ್ನು ನೆನಪಿಸುತ್ತವೆ. ಹಡಗುಗಳು ಮೆಣಸು ತುಂಬಿಕೊಂಡು ಹೋಗುತ್ತಿದ್ದ ಅದೇ ದಿನಗಳಲ್ಲಿ ಘಟ್ಟದ ಬುಡದ ಮಠದಲ್ಲಿ ಒಬ್ಬನು ಓಲೆಗರಿಯ ಮೇಲೆ ಕನ್ನಡದ ಪ್ರತ್ಯಯಗಳನ್ನು ಎಣಿಸುತ್ತಿದ್ದನು.

ಕೇಶಿರಾಜನು ಶಬ್ದಮಣಿದರ್ಪಣವನ್ನು ಬರೆದುದು 1260ರ ಸುಮಾರಿಗೆ. ಅಲ್ಲಿಂದ ಮುಂದೆ ಮುನ್ನೂರ ನಲವತ್ತಕ್ಕೂ ಹೆಚ್ಚು ವರ್ಷ ಕನ್ನಡಕ್ಕೆ ಅಷ್ಟು ತೂಕದ ಇನ್ನೊಂದು ವ್ಯಾಕರಣ ಬರಲಿಲ್ಲ. ಆ ಬರಿದನ್ನು ತುಂಬಿದವನು ಭಟ್ಟಾಕಳಂಕ. ನಾಲ್ಕು ಪಾದಗಳು, 592 ಸೂತ್ರಗಳು. ಸೂತ್ರಗಳಿಗೆ ಭಾಷಾಮಂಜರಿ ಎಂಬ ವೃತ್ತಿ, ಅದರ ಮೇಲೆ ಮಂಜರೀಮಕರಂದ ಎಂಬ ವ್ಯಾಖ್ಯಾನ. ಉದಾಹರಣೆಗಳು ಪಂಪ, ರನ್ನ ಮೊದಲಾದ ಕವಿಗಳವು. ಆದರೆ ಇಡೀ ಗ್ರಂಥದ ಭಾಷೆ ಮಾತ್ರ ಸಂಸ್ಕೃತ!

ಇದನ್ನು ಓದಿ ಮೊದಲು ನನಗೆ ಸಿಟ್ಟೇ ಬಂದಿತು. ಕನ್ನಡದ ಪರವಾಗಿ ನಿಂತವನು ಸಂಸ್ಕೃತದಲ್ಲಿ ಏಕೆ ಬರೆಯಬೇಕು? ನಮ್ಮ ಪೂಜ್ಯ ಅಧ್ಯಾಪಕರೊಬ್ಬರನ್ನು ಕೇಳಿದೆನು. ನೀನು ಆ ದಿನ ವೇದಿಕೆಯ ಮೇಲೆ ಯಾರಿಗೆ ಉತ್ತರ ಕೊಡಬೇಕಾಗಿತ್ತು, ಕನ್ನಡ ಬಲ್ಲವರಿಗೋ ಕನ್ನಡವನ್ನು ಹಳಿಯುವವರಿಗೋ ಎಂದು ಅವರು ತಿರುಗಿ ಕೇಳಿದರು. ಭಟ್ಟಾಕಳಂಕನ ಎದುರಿಗಿದ್ದವರು ಕನ್ನಡವು ಶಾಸ್ತ್ರಕ್ಕೆ ಬಾರದ ಭಾಷೆಯೆಂದು ತಿಳಿದ ಪಂಡಿತರು. ಅವರು ಗೌರವಿಸುವ ಭಾಷೆಯಲ್ಲಿ, ಪಾಣಿನಿಯ ಜಾಡಿನಲ್ಲಿಯೇ ಸೂತ್ರ ಕಟ್ಟಿ, ಆ ಅಳತೆಗೋಲಿಗೆ ಕನ್ನಡವೂ ಒಗ್ಗುತ್ತದೆಂದು ಆತನು ತೋರಿಸಿದನು. ಈ ಉಪಾಯದಲ್ಲಿ ನಷ್ಟವೂ ಇದೆಯೆಂಬುದು ನನ್ನ ಅಭಿಪ್ರಾಯ. ಕನ್ನಡವನ್ನು ಮಾತ್ರ ಬಲ್ಲ ನನ್ನಂಥವನಿಗೆ ಕನ್ನಡದ ವ್ಯಾಕರಣವೇ ಬೀಗ ಹಾಕಿದ ಪೆಟ್ಟಿಗೆಯಾಯಿತು.

ಆತನ ವಾದವಾದರೂ ಬಹಳ ನೇರ. ಕನ್ನಡದಲ್ಲಿ ಶಾಸ್ತ್ರವಿಲ್ಲವೆನ್ನುವವರಿಗೆ ಚೂಡಾಮಣಿ ಎಂಬ ಗ್ರಂಥವನ್ನು ಎತ್ತಿ ತೋರಿಸುತ್ತಾನೆ. ತತ್ತ್ವಾರ್ಥ ಮಹಾಶಾಸ್ತ್ರಕ್ಕೆ ಕನ್ನಡದಲ್ಲಿ ಹುಟ್ಟಿದ ಆ ವ್ಯಾಖ್ಯಾನದ ಗಾತ್ರ 96,000 ಗ್ರಂಥಗಳೆನ್ನುತ್ತಾನೆ. ಇಲ್ಲಿ ಗ್ರಂಥವೆಂದರೆ ಪುಸ್ತಕವಲ್ಲ, 32 ಅಕ್ಷರಗಳ ಒಂದು ಅಳತೆ. ಗುಣಿಸಿ ನೋಡಿದೆನು: ಮೂವತ್ತು ಲಕ್ಷಕ್ಕೂ ಹೆಚ್ಚು ಅಕ್ಷರಗಳು. ಅದಲ್ಲದೆ ವ್ಯಾಕರಣ, ತರ್ಕ, ಆಗಮ, ಕಾವ್ಯ, ನಾಟಕ, ಅಲಂಕಾರ, ಕಲೆಗಳನ್ನು ಕುರಿತು ಕನ್ನಡದಲ್ಲಿರುವ ಬರಹಗಳನ್ನೂ ಸಾಕ್ಷಿಗೆ ಕರೆಯುತ್ತಾನೆ. ನನ್ನ ಹಾಗೆ ಆತನು ಒಂದು ಶಬ್ದಕ್ಕಾಗಿ ತಡವರಿಸಲಿಲ್ಲ.

ಇನ್ನು ಆ ಶಬ್ದದ ಮಾತು. ಏನೂ ಇಲ್ಲದಿರುವುದನ್ನು ಕುರಿತು ಭಟ್ಟಾಕಳಂಕನು ಕಲಿತ ವಿದ್ಯೆಗಳಲ್ಲಿ ಇದ್ದಷ್ಟು ಸೂಕ್ಷ್ಮ ವಿಚಾರವನ್ನು ನಾನು ಬೇರೆಲ್ಲೂ ಕಂಡಿಲ್ಲ. ವ್ಯಾಕರಣದಲ್ಲಿ ಲೋಪವಿದೆ. ಊರು ಎಂಬುದಕ್ಕೆ ಅಲ್ಲಿ ಸೇರಿದರೆ ಊರಲ್ಲಿ ಎಂದಾಗುತ್ತದೆ. ನಡುವಿನ ಉಕಾರ ಕಾಣದಾಯಿತು. ಹೀಗೆ ಬರಬೇಕಾದುದು ಕಾಣದಿರುವುದಕ್ಕೇ ಲೋಪವೆಂದು ಹೆಸರು. ತರ್ಕದಲ್ಲಿ ಅಭಾವವು ನಾಲ್ಕು ಬಗೆ. ಮಡಕೆ ಹುಟ್ಟುವ ಮೊದಲು ಇಲ್ಲದಿರುವುದು ಒಂದು, ಒಡೆದ ಮೇಲೆ ಇಲ್ಲದಿರುವುದು ಇನ್ನೊಂದು. ಮಡಕೆಯು ಬಟ್ಟೆಯಲ್ಲದಿರುವುದು ಮೂರನೆಯದು. ಮೊಲದ ಕೊಂಬಿನ ಹಾಗೆ ಎಂದೆಂದೂ ಇಲ್ಲದಿರುವುದು ನಾಲ್ಕನೆಯದು. ಜೈನಶಾಸ್ತ್ರವಂತೂ ಇನ್ನೂ ಮುಂದೆ ಹೋಗಿದೆ. ಆಕಾಶವೆಂಬುದು ಉಳಿದೆಲ್ಲ ದ್ರವ್ಯಗಳಿಗೆ ಎಡೆ ಕೊಡುವ ದ್ರವ್ಯ. ಜೀವಿಗಳೂ ಜಡವಸ್ತುಗಳೂ ತುಂಬಿರುವ ಲೋಕಕ್ಕೆ ಒಂದು ಎಲ್ಲೆಯಿದೆ. ಅದರಾಚೆಗೆ ಕೊನೆಯಿಲ್ಲದ ಅಲೋಕಾಕಾಶ. ಅಲ್ಲಿ ಆಕಾಶವೊಂದನ್ನುಳಿದು ಏನೂ ಇಲ್ಲ. ಚಲನೆಗೆ ನೆರವಾಗುವ ಧರ್ಮದ್ರವ್ಯವೂ ಇಲ್ಲವಾದುದರಿಂದ ಯಾವ ವಸ್ತುವೂ ಅಲ್ಲಿಗೆ ಹೋಗಲಾರದು. ಬರಿದಾದ ಸ್ಥಳವು ಇರಲಾರದೆಂದು ಗ್ರೀಸಿನ ಅರಿಸ್ಟಾಟಲನು ಹೇಳಿದುದನ್ನು ಯುರೋಪು ಶತಮಾನಗಳ ಕಾಲ ನಂಬಿದ್ದಿತು.

ಆ ನಂಬಿಕೆಯನ್ನು ಕೆಡವಿದವರಲ್ಲಿ ಒಬ್ಬನಾದ ಜರ್ಮನಿಯ ಆಟೊ ಫಾನ್ ಗೆರಿಕೆಯು ಹುಟ್ಟಿದುದು 1602ರಲ್ಲಿ. ಹಾಡುವಳ್ಳಿಯ ಶಿಷ್ಯನು ತನ್ನ ವ್ಯಾಕರಣವನ್ನು ಮುಗಿಸಿದಾಗ ಗೆರಿಕೆಯು ಎರಡು ವರ್ಷದ ಮಗು. ಮುಂದೆ ಅವನು ಗಾಳಿಯೆಳೆಯುವ ಪಂಪನ್ನು ಮಾಡಿ, ತಾಮ್ರದ ಎರಡು ಅರ್ಧಗೋಳಗಳನ್ನು ಜೋಡಿಸಿ ಒಳಗಿನ ಗಾಳಿ ತೆಗೆದು, ಇಬ್ಬದಿಗೂ ಕುದುರೆ ಕಟ್ಟಿ ಎಳೆಸಿದನು. ಅವು ಸುಲಭವಾಗಿ ಬಿಡಲಿಲ್ಲ. ಹೊರಗಿನ ಗಾಳಿಯೇ ಅವನ್ನು ಅದುಮಿ ಹಿಡಿದಿತ್ತು. ಎಳೆಯುವ ಪಂಪು ಸುಮಾರು 10 ಮೀಟರಿಗಿಂತ ಆಳದ ನೀರನ್ನು ಮೇಲೆತ್ತಲಾರದೇಕೆ ಎಂಬುದಕ್ಕೂ ಇದೇ ಕಾರಣ. ಪಂಪು ನೀರನ್ನು ಎಳೆಯುವುದಿಲ್ಲ; ಒಳಗೆ ಬರಿದಾದರೆ ಹೊರಗಿನ ಗಾಳಿಯು ನೀರನ್ನು ಮೇಲಕ್ಕೆ ನೂಕುತ್ತದೆ, ಅದರ ಶಕ್ತಿ ಅಷ್ಟಕ್ಕೇ ಮುಗಿಯುತ್ತದೆ. ಇದನ್ನು ಅಪ್ಪನಿಗೆ ವಿವರಿಸಿದಾಗ, ಬಾವಿಯ ನೀರು ಕೆಳಗಿಳಿದರೆ ಪಂಪನ್ನೂ ಕೆಳಗಿಳಿಸಬೇಕೆಂಬುದು ತನಗೆ ಮೊದಲೇ ಗೊತ್ತೆಂದು ನಕ್ಕನು.

ದಸರೆಯ ರಜೆಯಲ್ಲಿ ಹಾಡುವಳ್ಳಿಗೆ ಹೋಗಿಬಂದೆನು. ಸುತ್ತಲೂ ತೋಟ ಗದ್ದೆ, ಹಿಂದೆ ಕಾಡು. ಬಸದಿಯಲ್ಲಿ ಇಪ್ಪತ್ನಾಲ್ಕು ತೀರ್ಥಂಕರರ ಮೂರ್ತಿಗಳಿವೆ. ವ್ಯಾಕರಣಕಾರನು ಕುಳಿತು ಬರೆದ ಸ್ಥಳ ಎಲ್ಲಿಯೆಂದು ದಾರಿಯಲ್ಲಿ ಸಿಕ್ಕ ವೃದ್ಧರೊಬ್ಬರನ್ನು ಕೇಳಿದೆನು. ಯಾವ ವ್ಯಾಕರಣ ತಮ್ಮಾ ಎಂದು ಅವರು ನನ್ನನ್ನೇ ಕೇಳಿ, ಕುಡಿಯಲು ನೀರು ಕೊಟ್ಟರು.

ಗ್ರಂಥ ಮುಗಿದ ಎರಡು ವರ್ಷಕ್ಕೆ, 1606ರ ಸುಮಾರಿಗೆ, ಕೆಳದಿಯ ವೆಂಕಟಪ್ಪನಾಯಕನಿಂದ ಚೆನ್ನಭೈರಾದೇವಿಯು ಸೋತು ಸೆರೆಯಾದಳು. ಗೇರುಸೊಪ್ಪೆ ಪಾಳುಬಿತ್ತು, ಹಾಡುವಳ್ಳಿಯ ವೈಭವವೂ ಅಳಿಯಿತು. ಆ ಅನಂತರದ ಭಟ್ಟಾಕಳಂಕನನ್ನು ಚರಿತ್ರೆಯು ಕಾಣಿಸುವುದಿಲ್ಲ. ಆತನು ಹೆಮ್ಮೆಯಿಂದ ಸಾಕ್ಷಿ ಕರೆದ ಚೂಡಾಮಣಿಯೂ ಇಂದು ನಮಗೆ ದೊರೆತಿಲ್ಲ. ಮೂವತ್ತು ಲಕ್ಷ ಅಕ್ಷರಗಳು ಮಡಕೆಯೊಡೆದ ಮೇಲಿನ ಅಭಾವವಾದವು. ಶಬ್ದಾನುಶಾಸನವು ಮಾತ್ರ ಓಲೆಗರಿಗಳಲ್ಲಿ ಉಳಿದು, ಸುಮಾರು ಮುನ್ನೂರು ವರ್ಷಗಳ ಮೇಲೆ, 1890ರಲ್ಲಿ, ಬಿ. ಎಲ್. ರೈಸರ ಕೈಯಿಂದ ಅಚ್ಚಾಯಿತು.

ಈ ವರ್ಷದ ಚರ್ಚಾಸ್ಪರ್ಧೆಗೆ ಹೆಸರು ಕೊಟ್ಟಿದ್ದೇನೆ. ವಿಷಯ ಯಾವುದೆಂದು ಇನ್ನೂ ತಿಳಿಸಿಲ್ಲ. ಆ ಗೆಳೆಯನೂ ಹೆಸರು ಕೊಟ್ಟಿದ್ದಾನಂತೆ.